ಕೊಡಿಲ್ಲಿ, ನಾನು ಎತ್ತಿಟ್ಟಿರ್ತೀನಿ

ಹೋದ ತಿಂಗಳು ಒಂದಿನ ರಾತ್ರಿ ಲೈಟ್ ಆರಿಸಿ ಮಲಗಿದ್ವಿ, ಮಗಳಿಗೆ ನಿದ್ದೆ ಬಂತು ಅಂತಾನೇ ಅಂದ್ಕೊಂಡಿದ್ದೆ, ಕತ್ತಲಲ್ಲೇ ಕೇಳಿದ್ಲು, "ಅಮ್ಮಾ, ನಂಗೆ ಎಲ್ಲರೂ ಕೊಟ್ಟಿದ್ದ ದುಡ್ಡು ನಿನ್ನ ಹತ್ರಾನೇ ಇದ್ಯಲ್ಲ, ಅದೆಲ್ಲಾ ಸೇರಿ ಈಗ ಎಷ್ಟಾಗಿದೆ?" ಅವಳ ದನೀಲಿ ಅನುಮಾನ ಏನೂ ಇರಲಿಲ್ಲ, ಅದಕ್ಕೇ ನಂಗೆ ಜಾಸ್ತಿ ಚುಚ್ಚಿದ್ದು. ಲೆಕ್ಕ ಇದ್ದೇ ಇರುತ್ತೆ, ಅಮ್ಮ ಅಂದ್ರೆ ಅಮ್ಮ, ಕೇಳಿದ್ರೆ ಹೇಳ್ತಾಳೆ ಅನ್ನೋ ನಂಬಿಕೇಲಿ ಕೇಳಿದ್ದು. ನನ್ನ ಹತ್ರ ಲೆಕ್ಕ ಇರಲಿಲ್ಲ. ದುಡ್ಡೂ ಇರಲಿಲ್ಲ. ಬಂದಾಗೆಲ್ಲ ಅವಳ ಕೈಯಿಂದ ಇಸ್ಕೊಂಡು ಪರ್ಸಿಗೆ ಹಾಕ್ಕೊಂಡಿದ್ದೀನಿ, ಪರ್ಸಲ್ಲಿದ್ದಿದ್ದು ಪರ್ಸಿನ ದಾರೀಲೇ ಹೋಗಿದೆ. "ನಾಳೆ ನೋಡಿ ಹೇಳ್ತೀನಿ ಮಲಕ್ಕೋ" ಅಂದೆ. ಅವಳು ಮಲಗಿದ್ಲು. ನಂಗೆ ನಿದ್ದೆ ಹತ್ತಲಿಲ್ಲ.

ಇದು ದೊಡ್ಡ ಮೊತ್ತದ ಪ್ರಶ್ನೆ ಅಲ್ಲ. ಹುಟ್ಟಿದಬ್ಬಕ್ಕೋ, ಪಾಸಾದಾಗಲೋ, ಯಾರೋ ನೆಂಟ್ರು ಬಂದು ಹೊರಡೋವಾಗಲೋ ಮಗು ಕೈಗೆ ಒಂದು ನೋಟು ಇಟ್ಟು ಹೋಗ್ತಾರಲ್ಲ, ಅಷ್ಟೇ. ಆದ್ರೆ ಮಕ್ಕಳಿಗೆ ದುಡ್ಡಿನ ಬಗ್ಗೆ ಹೇಳ್ಕೊಡಬೇಕು, ಉಳಿತಾಯ ಕಲಿಸಬೇಕು ಅಂತ ಸಿಕ್ಕಿದವರ ಹತ್ರ ಎಲ್ಲಾ ಮಾತಾಡೋ ನಾನು, ಒಂಬತ್ತು ವರ್ಷದಿಂದ ಅವಳಿಗೆ ನಿಜವಾಗಿ ಕಲಿಸ್ತಾ ಬಂದಿದ್ದು ಏನು ಅಂತ ಅವತ್ತು ರಾತ್ರಿ ಯೋಚನೆ ಶುರುವಾಯ್ತು, ಇನ್ನೂ ಮುಗಿದಿಲ್ಲ.

ಮಡಚಿದ ನೋಟು

ನಂಗೆ ಮೊದಲನೇ ಸಲ ದುಡ್ಡು ಕೊಟ್ಟವರು ದೂರದ ಸಂಬಂಧದಲ್ಲಿ ತಾತ ಆಗ್ಬೇಕಾದವರು. ವರ್ಷಕ್ಕೆ ಒಂದೋ ಎರಡೋ ಸಲ ಬರೋರು. ಹೊರಡೋ ಹೊತ್ತಲ್ಲಿ ಚಪ್ಪಲಿ ಮೆಟ್ಟಿ, ಬಾಗಿಲ ಹೊರಗೆ ಒಂದು ಕಾಲಿಟ್ಟ ಮೇಲೆ, ಏನೋ ಮರೆತವರ ಹಾಗೆ ತಿರುಗಿ ನನ್ನ ಕರೆಯೋರು. ಅವರ ಎಡಗೈ ನನ್ನ ಬಲಗೈ ಹಿಡಿದು ಅಂಗೈ ಮೇಲೆ ಮಾಡೋದು, ಬಲಗೈಯ ಎರಡು ಬೆರಳಿನ ಮಧ್ಯೆ ಆಗ್ಲೇ ಸಣ್ಣದಾಗಿ ಮಡಚಿಟ್ಟಿದ್ದ ನೋಟು ನನ್ನ ಅಂಗೈಗೆ ಬರೋದು, ಆಮೇಲೆ ನನ್ನ ಐದೂ ಬೆರಳನ್ನ ಅವರೇ ಒಂದೊಂದಾಗಿ ಮುಚ್ಚೋರು. ಕೊನೇದಾಗಿ ಹೆಬ್ಬೆರಳು. ಮುಚ್ಚಿದ ಮುಷ್ಟಿ ಮೇಲೆ ಒಂದು ಸಲ ತಟ್ಟಿ, ಮಾತೇ ಆಡದೆ ಹೊರಟುಬಿಡೋರು. ಆ ನೋಟು ಅವರ ಅಂಗಿ ಜೇಬಲ್ಲಿ ಎಷ್ಟು ಹೊತ್ತಿಂದ ಇತ್ತೋ ಏನೋ, ಬೆಚ್ಚಗಿರ್ತಿತ್ತು, ಸ್ವಲ್ಪ ಬೆವರಿನ ತೇವ ಕೂಡ. ಎಷ್ಟರ ನೋಟು ಅಂತ ನಾನು ಅಲ್ಲೇ ಬಿಚ್ಚಿ ನೋಡ್ತಿರಲಿಲ್ಲ, ಯಾರೂ ಹೇಳ್ಕೊಟ್ಟಿರಲಿಲ್ಲ, ಆದ್ರೂ ಅವರ ಎದುರಿಗೆ ಬಿಚ್ಚಬಾರದು ಅಂತ ಗೊತ್ತಿತ್ತು.

ಅವರು ಕಣ್ಮರೆ ಆಗೋದೇ ತಡ, ಹಿಂದಿಂದ ನಮ್ಮಮ್ಮನ ಕೈ ಬರೋದು. "ಕೊಡಿಲ್ಲಿ, ಕಳ್ಕೊಂಡುಬಿಡ್ತೀಯ, ನಾನು ಎತ್ತಿಟ್ಟಿರ್ತೀನಿ." ಮುಷ್ಟಿ ಬಿಚ್ಚೋದಕ್ಕೆ ಎಷ್ಟು ಹೊತ್ತು ಬೇಕು. ಅಷ್ಟೇ, ಮುಗೀತು. ಆ ನೋಟು ಮತ್ತೆ ಯಾವತ್ತೂ ಕಣ್ಣಿಗೆ ಬೀಳಲಿಲ್ಲ, ನಾನೂ ಕೇಳಲಿಲ್ಲ. ಕೇಳಬಾರದ ವಿಷಯ ಅಂತ ಹೆಂಗೋ ತಿಳ್ಕೊಂಡುಬಿಟ್ಟಿದ್ದೆ.

ದೊಡ್ಡವಳಾದ ಮೇಲೆ ಒಂದಿನ ಅಮ್ಮನ್ನೇ ಕೇಳಿದೆ, ಜಗಳಕ್ಕಲ್ಲ, ಸುಮ್ನೆ. ಅಮ್ಮ ತುಂಬ ಹೊತ್ತು ಸುಮ್ಮನಿದ್ದು, "ನಿನ್ನ ಶೂ, ನಿನ್ನ ಪುಸ್ತಕ, ಒಂದ್ಸಲ ನಿಂಗೆ ಜ್ವರ ಬಂದಾಗ ಔಷಧಿ" ಅಂದ್ರು. ಅದಾದ ಮೇಲೆ ಅಮ್ಮನ ಮೇಲೆ ನಂಗೆ ಒಂದು ಕೂದಲೆಳೆಯಷ್ಟೂ ಬೇಜಾರಿಲ್ಲ. ಆಗ ಮನೇಲಿ ಕೈ ಬಿಗಿ ಇತ್ತು, ತಿಂಗಳ ಕೊನೇ ವಾರ ಹೇಗೆ ದಾಟ್ತಿದ್ರು ಅನ್ನೋದು ನನ್ನ ಸಂಸಾರ ಶುರುವಾದ ಮೇಲೆ ಗೊತ್ತಾಯ್ತು. ಖರ್ಚು ಮಾಡಿದ್ದು ತಪ್ಪೇ ಅಲ್ಲ. ಆದ್ರೆ ಅವತ್ತೇ ನನ್ನ ಕೂರಿಸ್ಕೊಂಡು "ನೋಡು, ತಾತ ಕೊಟ್ಟಿದ್ದು ನಿನ್ನ ಶೂಗೆ ಬೇಕಾಗಿದೆ, ತಗೋಳ್ಲಾ?" ಅಂತ ಒಂದು ಮಾತು ಕೇಳಿದ್ದಿದ್ರೆ? ನಾನು ಖಂಡಿತ ಹೂಂ ಅಂತಿದ್ದೆ. ಆ ಶೂ ಹಾಕ್ಕೊಂಡು ನಡೆಯೋವಾಗ ಇದು ನಂದೇ ದುಡ್ಡಿನ ಶೂ, ಮನೆಗೆ ನಾನೂ ಏನೋ ಮಾಡಿದೆ ಅಂತ ಎಷ್ಟು ಹೆಮ್ಮೆ ಪಡ್ತಿದ್ದೆ. ಆ ಹೆಮ್ಮೆ ನಂಗೆ ಸಿಗಲಿಲ್ಲ. ಸಿಕ್ಕಿದ್ದು, ಕೈಗೆ ಬಂದ ದುಡ್ಡು ಕೈಯಲ್ಲಿ ನಿಲ್ಲೋದಲ್ಲ, ಅದರ ಬಗ್ಗೆ ಬಾಯಿ ಬಿಟ್ಟು ಕೇಳೋದೂ ಅಲ್ಲ ಅನ್ನೋ ಒಂದು ಅಭ್ಯಾಸ. ಮೊದಲನೇ ಕೆಲಸದಲ್ಲಿ ಎರಡು ವರ್ಷ ಸಂಬಳ ಜಾಸ್ತಿ ಮಾಡಿ ಅಂತ ಕೇಳೋಕೆ ನಂಗೆ ಬಾಯಿ ಬಂದಿರಲಿಲ್ಲ. ಎರಡಕ್ಕೂ ಸಂಬಂಧ ಇದೆ ಅಂತ ಸಾಬೀತು ಮಾಡೋಕಾಗಲ್ಲ, ಆದ್ರೆ ನನಗನ್ಸುತ್ತೆ ಇದೆ ಅಂತ.

ಕಾಯೋ ಮಗು, ಕಾಯದ ಮಗು

ಮಕ್ಕಳು, ಉಳಿತಾಯ ಅಂದ ತಕ್ಷಣ ಎಲ್ಲರೂ ಹೇಳೋ ಒಂದು ಪ್ರಯೋಗ ಇದೆ, ನೀವೂ ಕೇಳಿರ್ತೀರಿ. ವಾಲ್ಟರ್ ಮಿಶೆಲ್ ಅನ್ನೋ ಮನಶ್ಶಾಸ್ತ್ರಜ್ಞ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದ ಕೊನೇಲಿ ಶುರು ಮಾಡಿದ್ದು, ಪುಟ್ಟ ಮಗು ಮುಂದೆ ಮಾರ್ಷ್‌ಮ್ಯಾಲೋ ಅನ್ನೋ ಒಂದು ಮೆತ್ತನೆ ಮಿಠಾಯಿ ಇಟ್ಟು, ಈಗ್ಲೇ ತಿಂದ್ರೆ ಇದೊಂದೇ, ನಾನು ವಾಪಸ್ ಬರೋ ತನಕ ಕಾದ್ರೆ ಎರಡು ಅಂತ ಹೇಳಿ ಹೊರಗೆ ಹೋಗೋದು. ಕಾದ ಮಕ್ಕಳು ಮುಂದೆ ಓದಿನಲ್ಲಿ ಚೆನ್ನಾಗಿ ಮಾಡಿದ್ರು ಅನ್ನೋದು ಅದರ ಬಗ್ಗೆ ಹಬ್ಬಿದ ಮಾತು. ಅದಕ್ಕೇ ಮಗುಗೆ ಸಂಯಮ ಕಲಿಸಿ, ಆಸೆ ತಡ್ಕೊಳ್ಳೋದು ಕಲಿಸಿ ಅಂತ ಎಲ್ಲರೂ ಹೇಳೋದು. 2018ರಲ್ಲಿ ಸುಮಾರು 900 ಮಕ್ಕಳ ಮಾಹಿತಿ ಇಟ್ಕೊಂಡು ಮತ್ತೆ ನೋಡಿದಾಗ, ಮನೆ ಪರಿಸ್ಥಿತಿ, ತಾಯಿಯ ಓದು ಇಂಥವನ್ನೆಲ್ಲ ಲೆಕ್ಕಕ್ಕೆ ತಗೊಂಡ್ರೆ ಆ ಸಂಬಂಧ ಬಹಳಾನೇ ಸಣ್ಣದಾಗಿಬಿಡ್ತು. ಅದಿರಲಿ, ನನ್ನನ್ನ ಹಿಡಿದು ಅಲುಗಿಸಿದ್ದು ಇದರ ಮಧ್ಯೆ 2013ರಲ್ಲಿ ಪ್ರಕಟವಾದ, ಸೆಲೆಸ್ಟ್ ಕಿಡ್ ಅನ್ನೋ ಸಂಶೋಧಕಿ ಮತ್ತೆ ಅವರ ಜೊತೆಯವರು ಅಮೆರಿಕದ್ದೇ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಇನ್ನೊಂದು ಪ್ರಯೋಗ.

ಬರೀ 28 ಮಕ್ಕಳು, ಮೂರರಿಂದ ಐದು ವರ್ಷದವರು. ಮಾರ್ಷ್‌ಮ್ಯಾಲೋಗಿಂತ ಮುಂಚೆ ಪ್ರತಿ ಮಗುಗೂ ಹಳೇ ಕ್ರೇಯಾನ್ ಕೊಟ್ಟು, "ಸ್ವಲ್ಪ ಕಾಯಿ, ಇದಕ್ಕಿಂತ ಚೆನ್ನಾಗಿರೋದು ತಂದ್ಕೊಡ್ತೀನಿ" ಅಂತ ಹೇಳಿದ್ರು. ಅರ್ಧ ಮಕ್ಕಳಿಗೆ ಹೇಳಿದ ಹಾಗೇ ತಂದ್ಕೊಟ್ರು. ಇನ್ನರ್ಧ ಮಕ್ಕಳ ಹತ್ರ ಬರಿಗೈಲಿ ಬಂದು "ಸಾರಿ, ಇಲ್ಲ, ಇದರಲ್ಲೇ ಬರಿ" ಅಂದ್ರು. ಸ್ಟಿಕರ್‌ದೂ ಅದೇ ಕಥೆ. ಆಮೇಲೆ ಮಾರ್ಷ್‌ಮ್ಯಾಲೋ ಇಟ್ರು. ಮಾತು ಉಳಿಸ್ಕೊಂಡವರ ಕಡೆ ಮಕ್ಕಳು ಸರಾಸರಿ 12 ನಿಮಿಷ ಕಾದ್ರು, 14ರಲ್ಲಿ 9 ಮಕ್ಕಳು ಪೂರ್ತಿ 15 ನಿಮಿಷ. ಮಾತು ತಪ್ಪಿದವರ ಕಡೆ ಮಕ್ಕಳು ಸರಾಸರಿ 3 ನಿಮಿಷ, ಕೊನೇವರೆಗೂ ಕಾದಿದ್ದು 14ರಲ್ಲಿ ಒಂದೇ ಮಗು.

ನಾನು ಇದನ್ನ ಎಷ್ಟೋ ಸಲ ಓದಿದೆ. ಅಂದ್ರೆ ಆ ಮಕ್ಕಳಿಗೆ ಸಂಯಮ ಕಮ್ಮಿ ಅಂತಲ್ಲ. ದೊಡ್ಡವರು ಕೊಡ್ತೀನಿ ಅಂದಿದ್ದು ಕೊಡಲ್ಲ ಅಂತ ಗೊತ್ತಾದ ಮೇಲೆ ಕೈಯಲ್ಲಿರೋದನ್ನ ತಿಂದುಬಿಡೋದೇ ಬುದ್ಧಿವಂತಿಕೆ, ಅವರು ಸರಿಯಾಗೇ ಲೆಕ್ಕ ಹಾಕಿದ್ರು. ಉಳಿತಾಯ ಅಂದ್ರೇನು ಮತ್ತೆ? ನಾಳೆ ಇದು ಇಲ್ಲೇ ಇರುತ್ತೆ, ಆಗಲೂ ನಂದೇ ಆಗಿರುತ್ತೆ ಅನ್ನೋ ನಂಬಿಕೆ ತಾನೇ. ಕ್ರೇಯಾನ್ ತಂದ್ಕೊಡ್ತೀನಿ ಅಂದು ಬರಿಗೈಲಿ ಬಂದವರ ಜಾಗದಲ್ಲಿ ನನ್ನನ್ನ ನಿಲ್ಲಿಸಿ ನೋಡಿದೆ. "ಎತ್ತಿಟ್ಟಿರ್ತೀನಿ" ಅಂತ ನಾನು ಇಲ್ಲೀವರೆಗೆ ಎಷ್ಟು ಸಲ ಅಂದಿರ್ಬಹುದು?

ಅವರು ಕಮ್ಮಿ ಕೊಟ್ರು

ಸರಿ, ಹಾಗಾದ್ರೆ ಬಂದಿದ್ದನ್ನೆಲ್ಲ ಅವಳ ಕೈಗೇ ಬಿಟ್ರೆ ಆಯ್ತಲ್ಲ ಅಂದ್ರೆ ಅಷ್ಟು ಸಲೀಸಿಲ್ಲ. ಎರಡು ವರ್ಷದ ಹಿಂದೆ ಒಂದಿನ ನಡೆದಿದ್ದು. ಮನೇಲಿ ನಾಲ್ಕೈದು ಜನ ಬಂದಿದ್ರು, ಇವಳಿಗೆ ಎಲ್ಲರೂ ಏನೋ ಕೊಟ್ಟಿದ್ರು, ಕೆಲವರು ಕವರಲ್ಲಿ, ಕೆಲವರು ಹಾಗೇ. ರಾತ್ರಿ ನೆಲದ ಮೇಲೆ ಎಲ್ಲಾ ಹರಡ್ಕೊಂಡು ಕೂತಿದ್ಲು, ದೊಡ್ಡ ನೋಟು ಒಂದು ಕಡೆ, ಚಿಕ್ಕದು ಒಂದು ಕಡೆ. ನಾನು ನೋಡ್ತಾ ನಿಂತಿದ್ದೆ, ಖುಷೀನೇ ಆಗ್ತಿತ್ತು. ಆಮೇಲೆ ಒಬ್ಬ ಅಜ್ಜಿಯ ಹೆಸರು ಹೇಳಿ, "ಅವರು ಎಲ್ಲರಿಗಿಂತ ಕಮ್ಮಿ ಕೊಟ್ರು, ಅವರಿಗೆ ನಾನು ಅಷ್ಟು ಇಷ್ಟ ಇಲ್ಲ ಅನ್ಸುತ್ತೆ" ಅಂದ್ಲು. ಬೇಜಾರಲ್ಲಿ ಹೇಳಿದ್ದಲ್ಲ, ಲೆಕ್ಕದ ಹಾಗೆ ಹೇಳಿದ್ಲು.

ನಂಗೆ ಹೊಟ್ಟೇಲಿ ಏನೋ ಕಲಸಿದ ಹಾಗಾಯ್ತು. ಆ ಅಜ್ಜಿಗೆ ಸ್ವಂತ ಆದಾಯ ಅನ್ನೋದೇ ಇಲ್ಲ. ಮಗ ಕೊಡೋದ್ರಲ್ಲಿ ಉಳಿಸ್ಕೊಂಡಿದ್ದು, ಸೆರಗಿನ ತುದೀಲಿ ಗಂಟು ಹಾಕ್ಕೊಂಡು ಬಂದಿದ್ರು, ಗಂಟು ಬಿಚ್ಚೋಕೆ ಅವರ ಬೆರಳಿಗೆ ಆಗದೆ ಇವಳೇ ಬಿಚ್ಚಿದ್ಲು. ಅವತ್ತು ಬಂದ ದುಡ್ಡಲ್ಲಿ ಕೊಟ್ಟವರಿಗೆ ಜಾಸ್ತಿ ಭಾರವಾಗಿದ್ದು ಆ ಒಂದು ನೋಟೇ. ಅದನ್ನ ಹೇಳೋದು ಹೇಗೆ? ಅಜ್ಜಿ ಬಡವರು ಅಂದ್ರೆ ಇವಳು ಅವರನ್ನ ನೋಡೋ ಕಣ್ಣೇ ಬದಲಾಗಿಬಿಡುತ್ತೆ. ಸುಮ್ಮನಿದ್ರೆ ಪ್ರೀತೀನ ನೋಟಲ್ಲಿ ಅಳೆಯೋದು ಕಲೀತಾಳೆ.

ಅವತ್ತು ನಂಗೆ ಹೊಳೆದಿದ್ದು ಒಂದೇ, ಅವಳ ಪಕ್ಕ ಕೂತು, "ಅಜ್ಜಿ ಕೊಟ್ಟಾಗ ಏನೇನಾಯ್ತು ಹೇಳು" ಅಂದೆ. ಗಂಟು ಬಿಚ್ಚಿದ್ದು ಹೇಳಿದ್ಲು, ಅಜ್ಜಿ ಕೈ ನಡುಗ್ತಿದ್ದಿದ್ದು ಹೇಳಿದ್ಲು, ತಲೆ ಮೇಲೆ ಕೈ ಇಟ್ಟು ತುಂಬ ಹೊತ್ತು ಏನೋ ಹೇಳ್ಕೊಂಡಿದ್ದು ಹೇಳಿದ್ಲು. "ಆ ದೊಡ್ಡ ನೋಟಿನ ಕವರ್ ಯಾರು ಕೊಟ್ಟಿದ್ದು?" ಅಂದೆ. ಅವಳಿಗೆ ನೆನಪಿರಲಿಲ್ಲ. ನಾನು ಅಷ್ಟಕ್ಕೇ ನಿಲ್ಲಿಸಿದೆ. ಮುಂದಕ್ಕೆ ಒಂದು ಮಾತು ಸೇರಿಸಿದ್ರೂ ಅದು ಪಾಠ ಆಗಿಬಿಡ್ತಿತ್ತು, ಪಾಠ ಅಂದ್ರೆ ಅವಳು ಮುಖ ತಿರುಗಿಸ್ಕೊಳ್ತಾಳೆ.

ಅರ್ಥಶಾಸ್ತ್ರದಲ್ಲಿ ದುಡ್ಡಿಗೆ ಮುಖ ಇಲ್ಲ ಅಂತಾರೆ, ಒಂದು ನೋಟಿಗೆ ಬದಲು ಅಷ್ಟೇ ಬೆಲೆಯ ಇನ್ನೊಂದು ನೋಟು ಇಟ್ರೆ ಏನೂ ವ್ಯತ್ಯಾಸ ಆಗ್ಬಾರದು. ಆದ್ರೆ ಮನುಷ್ಯರು ಹಾಗೆ ನಡ್ಕೊಳ್ಳಲ್ಲ ಅಂತ ಎರಡು ಬೇರೆ ಬೇರೆ ದಾರೀಲಿ ತೋರಿಸಿದವರಿದ್ದಾರೆ. 2017ರಲ್ಲಿ ಅರ್ಥಶಾಸ್ತ್ರಕ್ಕೆ ನೊಬೆಲ್ ಬಂದ ರಿಚರ್ಡ್ ಥೇಲರ್ ಇದನ್ನ ಮೆಂಟಲ್ ಅಕೌಂಟಿಂಗ್ ಅಂದ್ರು, ನಾವೆಲ್ಲ ಮನಸ್ಸಲ್ಲೇ ಬೇರೆ ಬೇರೆ ಡಬ್ಬಿ ಇಟ್ಕೊಂಡಿರ್ತೀವಿ, ಸಂಬಳದ ದುಡ್ಡು ಒಂದರಲ್ಲಿ, ಅನಿರೀಕ್ಷಿತವಾಗಿ ಬಂದಿದ್ದು ಇನ್ನೊಂದರಲ್ಲಿ. ಅವರ ಕಣ್ಣಿಗೆ ಇದು ಬಹಳ ಸಲ ಲೆಕ್ಕ ತಪ್ಪಿಸೋ ಅಭ್ಯಾಸ. ವಿವಿಯಾನಾ ಝೆಲಿಝರ್ ಅನ್ನೋ ಸಮಾಜಶಾಸ್ತ್ರಜ್ಞೆ 1994ರ ತಮ್ಮ ಪುಸ್ತಕದಲ್ಲಿ ಬೇರೇನೇ ಹೇಳ್ತಾರೆ, ಜನ ದುಡ್ಡನ್ನ ಹಾಗೆ ಬೇರೆ ಬೇರೆ ಮಾಡಿಡೋದು ದಡ್ಡತನದಿಂದ ಅಲ್ಲ, ಸಂಬಂಧಗಳನ್ನ ಬೇರೆ ಬೇರೆಯಾಗಿ ಕಾಪಾಡ್ಕೊಳ್ಳೋಕೆ ಅಂತ. ನಾನು ಝೆಲಿಝರ್ ಕಡೆ. ತಾತನ ನೋಟು ಪರ್ಸಿಗೆ ಬಿದ್ದು ಬೇರೆ ನೋಟುಗಳ ಜೊತೆ ಬೆರೆತ ಕ್ಷಣಾನೇ ತಾತನ ಬೆರಳು ಅದರಿಂದ ಕಳಚಿಬಿಡ್ತು. ಬೆಲೆ ಅಷ್ಟೇ ಇತ್ತು, ಉಡುಗೊರೆ ಮಾತ್ರ ಹೋಯ್ತು.

ಹಾಳು ಮಾಡೋ ಹಕ್ಕು

ಮಗುಗೆ ಕೊಟ್ಟಿದ್ದು ಮಗೂದೇ ಅಂತ ಒಪ್ಕೊಂಡ್ರೆ ಅದನ್ನ ಹಾಳು ಮಾಡೋ ಹಕ್ಕೂ ಅದರದ್ದೇ ಅಂತ ಒಪ್ಕೋಬೇಕಾಗುತ್ತೆ. ನಂಗೆ ಇದೇ ಕಷ್ಟ ಆಗಿದ್ದು. ಹೋದ ವರ್ಷ ಒಂದ್ಸಲ ಮಾತ್ರ ಅವಳ ಅತ್ತೆ ಕೊಟ್ಟಿದ್ದನ್ನ ಅವಳ ಹತ್ರಾನೇ ಬಿಟ್ಟಿದ್ದೆ, ಅದರಲ್ಲಿ ಒಂದು ರಿಮೋಟ್ ಗಾಡಿ ತಗೊಂಡ್ಲು. ಕಣ್ಣಿಗೆ ಕಾಣ್ತಿತ್ತು ಅದು ಎರಡು ದಿನದ ಸಾಮಾನು ಅಂತ, ಪ್ಲಾಸ್ಟಿಕ್ ಹಿಡಿದ್ರೇ ಬಾಗ್ತಿತ್ತು. "ಇದು ಬೇಡ ಕಂದಾ" ಅಂತ ಒಂದು ಸಲ ಅಂದೆ, ಎರಡನೇ ಸಲ ಹೇಳಬಾರದು ಅಂತ ನಾಲಿಗೆ ಕಚ್ಕೊಂಡೆ. ಮಾರನೇ ದಿನ ಸಂಜೆ ಚಕ್ರ ಕಿತ್ಕೊಂಡು ಬಂತು. ಅವಳು ಅಳಲಿಲ್ಲ. ಆ ಚಕ್ರಾನ ಅಂಗೈಲಿಟ್ಕೊಂಡು ತಿರುಗಿಸಿ ತಿರುಗಿಸಿ ನೋಡ್ತಿದ್ಲು, ಒಳಗೆ ಲೋಹದ ಕಡ್ಡಿ ಇರಬೇಕಾದ ಜಾಗದಲ್ಲಿ ಬರೀ ಪ್ಲಾಸ್ಟಿಕ್ ಮೊಳೆ ಇತ್ತು, ಅದು ಮುರಿದಿತ್ತು. "ಅಮ್ಮಾ, ಅಂಗಡೀಲಿ ಇದನ್ನ ಬಿಚ್ಚಿ ನೋಡೋಕೆ ಬಿಡ್ತಾರಾ?" ಅಂತ ಕೇಳಿದ್ಲು. ಆಮೇಲಿಂದ ಏನೇ ತಗೊಳ್ಳೋಕೆ ಹೋದ್ರೂ ತಲೆಕೆಳಗೆ ಮಾಡಿ ಅಡಿ ನೋಡ್ತಾಳೆ. ನಾನು ಹತ್ತು ಸಲ ಹೇಳಿದ್ರೂ ಇದು ಬರ್ತಿರಲಿಲ್ಲ, ಮತ್ತೆ ನಾನು ಬೈದು ತಡೆದಿದ್ರೆ ಆ ಗಾಡಿ ಇವತ್ತಿಗೂ ಅವಳ ಕನಸಲ್ಲಿ ಚೆನ್ನಾಗೇ ಓಡ್ತಿರ್ತಿತ್ತು.

ಆದ್ರೆ ಎಲ್ಲಾನೂ ಮಗು ಕೈಗೇ ಬಿಡಿ ಅಂತ ನಾನು ಹೇಳ್ತಿಲ್ಲ. ದೊಡ್ಡ ಮೊತ್ತ ಬಂದ್ರೆ ಅದನ್ನ ಮಗು ಹೆಸರಲ್ಲೇ ಬ್ಯಾಂಕಲ್ಲಿ ಇಡೋದು ಸರಿ, ಡಬ್ಬೀಲಿಟ್ಟ ದುಡ್ಡು ಕರಗುತ್ತೆ ಅನ್ನೋದೂ ಅವಳಿಗೆ ಗೊತ್ತಾಗ್ಬೇಕು. ಅದಕ್ಕೆ 72ರ ಲೆಕ್ಕ ಹೇಳ್ಕೊಟ್ಟೆ, 72ನ್ನ ಬಡ್ಡಿ ದರದಿಂದ ಭಾಗಿಸಿದ್ರೆ ದುಡ್ಡು ಎರಡರಷ್ಟಾಗೋಕೆ ಸುಮಾರು ಎಷ್ಟು ವರ್ಷ ಅಂತ ಸಿಗುತ್ತೆ, ವರ್ಷಕ್ಕೆ ಶೇಕಡ 6 ಬಂದ್ರೆ 12 ವರ್ಷ. ಇದೇ ಲೆಕ್ಕ ಉಲ್ಟಾನೂ ಕೆಲಸ ಮಾಡುತ್ತೆ, ಬೆಲೆಗಳು ವರ್ಷಕ್ಕೆ ಶೇಕಡ 6 ಏರ್ತಾ ಹೋದ್ರೆ 12 ವರ್ಷಕ್ಕೆ ಡಬ್ಬೀಲಿರೋ ನೋಟಿಗೆ ಅರ್ಧದಷ್ಟೇ ಸಾಮಾನು ಬರುತ್ತೆ. "ಅಂದ್ರೆ ನೋಟು ಹಾಗೇ ಇದ್ದು ಒಳಗಿಂದ ಸಣ್ಣ ಆಗುತ್ತಾ?" ಅಂದ್ಲು. ಹೌದು, ಅದಕ್ಕಿಂತ ಚೆನ್ನಾಗಿ ನಂಗೆ ಹೇಳೋಕೆ ಬರಲ್ಲ. ಆದ್ರೆ ಬ್ಯಾಂಕಿಗೆ ಹಾಕೋ ಮುಂಚೆ ಅವಳನ್ನ ಕೇಳಬೇಕು, ಹಾಕಿದ ಮೇಲೆ ಪಾಸ್‌ಬುಕ್ ಅವಳ ಕೈಗೆ ಕೊಡಬೇಕು. ಅದು ಬಿಟ್ಟು ಸೀದಾ ಇಸ್ಕೊಂಡು ಹಾಕಿದ್ರೆ ಮಗು ಪಾಲಿಗೆ ಬ್ಯಾಂಕಿಗೂ ನನ್ನ ಪರ್ಸಿಗೂ ಏನು ವ್ಯತ್ಯಾಸ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಯಾರಾದ್ರೂ ಕೊಡೋಕೆ ಬಂದಾಗ "ಬೇಡ ಅನ್ನು, ಬೇಡ ಅನ್ನು" ಅಂತ ಕಣ್ಣಲ್ಲೇ ಗದರಿಸೋದನ್ನ ನಾನು ಬಿಟ್ಟಿದ್ದೀನಿ. ಬೇಡ ಅಂತ ಬಾಯಲ್ಲಿ ಹೇಳಿಸಿ, ಮೂರನೇ ಸಲಕ್ಕೆ ತಗೋ ಅಂತ ತಲೆ ಆಡಿಸಿ, ಆಮೇಲೆ ಅದನ್ನೂ ಇಸ್ಕೊಂಡ್ರೆ ಮಗುಗೆ ಒಂದೇ ನಿಮಿಷದಲ್ಲಿ ಎಷ್ಟು ಸುಳ್ಳು ಹೇಳ್ಕೊಟ್ಟ ಹಾಗಾಯ್ತು. ಎರಡೂ ಕೈಯಲ್ಲಿ ತಗೊಂಡು, ಮುಖ ನೋಡಿ, ಥ್ಯಾಂಕ್ಸ್ ಹೇಳಲಿ. ತಗೊಳ್ಳೋದಕ್ಕೂ ಒಂದು ಘನತೆ ಇದೆ. ಕೊಡೋರಿಗೂ ಅದೇ ಬೇಕಾಗಿರೋದು.

ನೋಟ್‌ಬುಕ್

ಆ ರಾತ್ರಿಯ ಪ್ರಶ್ನೆಗೆ ಮಾರನೇ ದಿನ ಉತ್ತರ ಕೊಡಬೇಕಿತ್ತಲ್ಲ. ಬೆಳಿಗ್ಗೆ ಅವಳನ್ನ ಕೂರಿಸ್ಕೊಂಡು ಇದ್ದಿದ್ದು ಇದ್ದ ಹಾಗೆ ಹೇಳಿದೆ. ನಾನು ಎತ್ತಿಟ್ಟಿಲ್ಲ, ಖರ್ಚಾಗಿದೆ, ಎಷ್ಟು ಅಂತ ಬರೆದಿಟ್ಟಿಲ್ಲ, ಅದು ನನ್ನ ತಪ್ಪು, ವಾಪಸ್ ಕೊಡ್ತೀನಿ. ಹೇಳೋವಾಗ ಗಂಟಲು ಕಟ್ತು. ಅವಳು ಕೋಪ ಮಾಡ್ಕೋತಾಳೆ ಅಂತ ತಯಾರಾಗಿದ್ದೆ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಎದ್ದು ಹೋಗಿ ತನ್ನ ಸ್ಕೂಲ್ ಬ್ಯಾಗಿಂದ ಅರ್ಧ ಮುಗಿದಿದ್ದ ಒಂದು ಹಳೇ ನೋಟ್‌ಬುಕ್ ತಂದ್ಲು. ಕೊನೇ ಪುಟದಿಂದ ಉಲ್ಟಾ ಬರೆದಿದ್ಲು, ಪೆನ್ಸಿಲಲ್ಲಿ. ಎರಡು ಸಾಲು ಮಾತ್ರ ಇತ್ತು. "ಅಮ್ಮ ಡಬ್ಬಿಯಿಂದ ತಗೊಂಡಿದ್ದು", ಪಕ್ಕದಲ್ಲಿ ಅಂಕಿ. ಅದರ ಕೆಳಗೆ ಇನ್ನೊಂದು ಸಲ, "ಅಮ್ಮ, ಚಿಲ್ಲರೆಗೆ". ಎರಡೂ ನಂಗೆ ಮರೆತೇ ಹೋಗಿತ್ತು. ಯಾರೋ ಬಾಗಿಲಲ್ಲಿ ನಿಂತಿದ್ರು, ಚಿಲ್ಲರೆ ಇರಲಿಲ್ಲ, ಅವಳ ಡಬ್ಬಿಯಿಂದ ತೆಗೆದು ಕೊಟ್ಟಿದ್ದೆ, ಸಂಜೆ ಹಾಕ್ತೀನಿ ಅಂತ. ಅವಳು ಕೇಳಿರಲಿಲ್ಲ, ಬರೆದಿಟ್ಟಿದ್ಲು. ನನ್ನ ಥರಾನೇ ಬಾಯಿ ಬಿಡದೆ ಒಳಗೇ ಇಟ್ಕೊಂಡಿದ್ಲಲ್ಲ ಅಂತ ಅನ್ನಿಸಿ ಆ ಪೆನ್ಸಿಲ್ ಅಕ್ಷರಗಳನ್ನ ನೋಡೋಕೆ ಆಗ್ಲಿಲ್ಲ.

ಆಮೇಲೆ ಇಬ್ರೂ ಸೇರಿ ಹಳೇದೆಲ್ಲ ನೆನಪು ಮಾಡ್ಕೊಂಡು ಬರೆಯೋಕೆ ಕೂತ್ವಿ. ಒಬ್ಬರು ಬರೆದಿದ್ದು ಇನ್ನೊಬ್ಬರು ನೋಡಬಾರದು, ಕೊನೇಲಿ ಹೋಲಿಸಿ ನೋಡೋಣ ಅಂತ ಅವಳೇ ರೂಲ್ಸ್ ಮಾಡಿದ್ಲು. ನಾನು ವರ್ಷದ ಪ್ರಕಾರ ಬರ್ಕೊಂಡು ಹೋದೆ, ಯಾವ ವರ್ಷ ಯಾವ ಸಮಾರಂಭ, ಅಂದಾಜು ಎಷ್ಟು, ಅನುಮಾನ ಇದ್ದ ಕಡೆ ಜಾಸ್ತೀನೇ ಹಾಕಿದೆ. ಅವಳು ಪೆನ್ಸಿಲ್ ತುದಿ ಕಚ್ತಾ ಕಚ್ತಾ ಬರೀತಿದ್ಲು. ಅರ್ಧ ಗಂಟೆ ಆಗಿರ್ಬೇಕು. ಹಾಳೆ ಅಕ್ಕಪಕ್ಕ ಇಟ್ಟಾಗ ಅವಳ ಮೊತ್ತ ನನ್ನದರ ಅರ್ಧಾನೂ ಇರಲಿಲ್ಲ. ಅವಳ ಹಾಳೇಲಿ ವರ್ಷ ಇರಲಿಲ್ಲ, ಬರೀ ಜನ ಇದ್ರು, ಅವಳಿಗೆ ಮುಖ ನೆನಪಿದ್ದವರು ಮಾತ್ರ. ಕೆಲವರ ಮುಂದೆ ಅಂಕೀನೂ ಇರಲಿಲ್ಲ. ಸೆರಗಿನ ಗಂಟಿನ ಅಜ್ಜಿ ಎಲ್ಲರಿಗಿಂತ ಮೇಲಿದ್ರು.

"ನಿಂದೇ ಸರಿ ಇರ್ಬಹುದು, ನಂಗೆ ಅಷ್ಟೆಲ್ಲ ನೆನಪಿಲ್ಲ" ಅಂದ್ಲು. ನಂದೇ ಹಾಕೋಣ ಅಂದೆ. ಒಟ್ಟಿಗೆ ಕೊಡೋಕೆ ಆಗಲ್ಲ, ತಿಂಗಳು ತಿಂಗಳು ಕೊಡ್ತೀನಿ ಅಂದಿದ್ದಕ್ಕೆ ಸರಿ ಅಂತ ಒಪ್ಕೊಂಡು ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಗೆರೆ ಎಳೆದ್ಲು, ತಾರೀಕಿಗೆ ಒಂದು, ಅಂಕಿಗೆ ಒಂದು. ಮೂರನೇದೂ ಒಂದು ಎಳೆದು, ಮೇಲೆ ಏನೂ ಬರೀದೆ ಖಾಲಿ ಬಿಟ್ಟಿದ್ದಾಳೆ. ಅದು ಯಾವುದಕ್ಕೆ ಅಂದೆ. ಕೊಡೋವಾಗ ನೀನು ಏನಾದ್ರೂ ಹೇಳಿದ್ರೆ ಅದನ್ನ ಬರೆಯೋಕೆ ಅಂದ್ಲು. ಮೊದಲನೇ ಕಂತು ಈ ಭಾನುವಾರ. ನೋಟು ಈಗ್ಲೇ ತೆಗೆದು ಮಡಚಿಟ್ಟಿದ್ದೀನಿ.